ಫೋನಿನಲ್ಲಿ ಹೆಸರು, ಆ್ಯಪ್ ತಟ್ಟನೆ ಹುಡುಕುವುದು: ಕೊಡಗಿನ ಬಳಕೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ತೋಟ, ಅಂಗಡಿ, ಜೀಪು, ಹೋಂಸ್ಟೇ ಏನೇ ನಡೆಸುವವರಾಗಲಿ, ಅವರ ಫೋನಿನಲ್ಲಿ ಸಾವಿರ ನಂಬರ್ ಇರುವುದು ಈಗ ದೊಡ್ಡ ಮಾತಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟು ನಿಂತಾಗ ಮೆಕ್ಯಾನಿಕ್ಕಿನ ನಂಬರ್ ಸಿಗದಿರುವುದು ದೊಡ್ಡ ಮಾತು. ಹುಡುಕುವ ಹೊಸ ಆ್ಯಪ್ ಹಾಕಿಕೊಳ್ಳುವ ಮೊದಲು ಇದನ್ನು ಓದಿ. ಹೆಚ್ಚಿನ ಸಲ ಹುಡುಕಾಟ ಕೆಡುವುದು ನಾವು ಹೆಸರು ಬರೆದಿಟ್ಟ ರೀತಿಯಿಂದ.

ಹುಡುಕುವ ಆ್ಯಪ್ ಬೇರೆಯಾಗಿ ಹಾಕಬೇಕೇ? ಫೋನಿನಲ್ಲೇ ಇಲ್ಲವೇ?

ಇದೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಹೋಮ್ ಸ್ಕ್ರೀನನ್ನು ಕೆಳಗಿನಿಂದ ಮೇಲಕ್ಕೆ ಸರಿಸಿದರೆ ಎಲ್ಲ ಆ್ಯಪ್‌ಗಳ ಪಟ್ಟಿ ತೆರೆಯುತ್ತದೆ, ಅದರಲ್ಲೇ ಹುಡುಕುವ ಪಟ್ಟಿಯೂ (ಸರ್ಚ್ ಬಾರ್) ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ಫೈಂಡರ್. ಆ್ಯಪ್, ಕಾಂಟ್ಯಾಕ್ಟ್, ಸೆಟ್ಟಿಂಗ್ಸ್ ಮೂರನ್ನೂ ಒಟ್ಟಿಗೆ ಜಾಲಾಡುತ್ತದೆ. ಐಫೋನಿನಲ್ಲಿ ಹೋಮ್ ಸ್ಕ್ರೀನಿನ ನಡುವಿನಿಂದ ಕೆಳಕ್ಕೆ ಎಳೆದರೆ ಸ್ಪಾಟ್‌ಲೈಟ್ ಬರುತ್ತದೆ. ಐಓಎಸ್ 16ರಿಂದ ಕೆಳಗೆ ಸಣ್ಣ ಸರ್ಚ್ ಗುಂಡಿಯನ್ನೂ ಕೊಟ್ಟಿದ್ದಾರೆ.

ಇವೆರಡರ ಜೊತೆಗೆ ಮೂರನೆಯದು ಕಾಲ್ ಮಾಡುವ ಡಯಲ್ ಪ್ಯಾಡ್. ಅದನ್ನು ಹುಡುಕಾಟಕ್ಕೆ ಬಳಸುವವರು ಕಡಿಮೆ. ನಿಜ ಹೇಳಬೇಕೆಂದರೆ ನಂಬರ್ ಹುಡುಕಲು ಅದರಷ್ಟು ಬೇಗದ ದಾರಿ ಬೇರೆ ಇಲ್ಲ.

ಡಯಲ್ ಪ್ಯಾಡ್‌ನಲ್ಲಿ ಹೆಸರು ಹುಡುಕುವುದು ಹೇಗೆ?

ಹಳೆಯ ಕೀಪ್ಯಾಡ್ ಫೋನಿನ ಲೆಕ್ಕವೇ. 2ರಲ್ಲಿ ಎ, ಬಿ, ಸಿ. 3ರಲ್ಲಿ ಡಿ, ಇ, ಎಫ್. 4ರಲ್ಲಿ ಜಿ, ಎಚ್, ಐ. 5ರಲ್ಲಿ ಜೆ, ಕೆ, ಎಲ್. 6ರಲ್ಲಿ ಎಂ, ಎನ್, ಓ. 7ರಲ್ಲಿ ಪಿ, ಕ್ಯೂ, ಆರ್, ಎಸ್. 8ರಲ್ಲಿ ಟಿ, ಯು, ವಿ. 9ರಲ್ಲಿ ಉಳಿದ ನಾಲ್ಕು. ಒಂದು ಅಕ್ಷರಕ್ಕೆ ಒಂದೇ ಸಲ ಒತ್ತಿದರೆ ಸಾಕು. ಜೀಪ್ ಬೇಕೆಂದರೆ 5337, ಪಂಪ್ ಬೇಕೆಂದರೆ 7867. ಗೂಗಲ್ ಫೋನ್, ಸ್ಯಾಮ್‌ಸಂಗ್ ಡಯಲರ್‌ಗಳಲ್ಲಿ ಇದು ಬಹಳ ಹಿಂದಿನಿಂದ ಇದೆ. ಐಫೋನಿಗೆ ಬಂದದ್ದು ತಡವಾಗಿ, 2024ರ ಐಓಎಸ್ 18ರಲ್ಲಿ.

ಸಾಮಾನ್ಯವಾಗಿ ಮೂರು ನಾಲ್ಕು ಅಂಕೆ ಒತ್ತುವಷ್ಟರಲ್ಲಿ ಹೆಸರು ಮೇಲೆ ಬರುತ್ತದೆ. ಕೊಡಗಿನ ಹೆಸರುಗಳು ಮಾತ್ರ ಸ್ವಲ್ಪ ಸತಾಯಿಸುತ್ತವೆ. ಪೊನ್ನಪ್ಪ ಎಂದು ಇಂಗ್ಲಿಷಿನಲ್ಲಿ ಬರೆದರೆ ಮೊದಲ ಐದು ಅಕ್ಷರಕ್ಕೆ 76662. ಪೂಣಚ್ಚ ಎಂಬುದನ್ನು ಎರಡು ಓ ಹಾಕಿ ಬರೆದರೂ ಅದೇ 76662! ಆರನೆಯ ಅಂಕೆಯಲ್ಲಿ ಮಾತ್ರ ಒಬ್ಬರು 7ಕ್ಕೆ, ಇನ್ನೊಬ್ಬರು 2ಕ್ಕೆ ಕವಲೊಡೆಯುತ್ತಾರೆ. ನಾಲ್ಕು ಅಂಕೆ ಒತ್ತಿ, ಮೇಲೆ ಬಂದ ಮೊದಲ ಹೆಸರಿಗೆ ನೋಡದೆ ಕಾಲ್ ಮಾಡುವ ಅಭ್ಯಾಸ ಇದ್ದವರು ಇಲ್ಲಿ ಎಡವುತ್ತಾರೆ.

ಕನ್ನಡದಲ್ಲಿ ಸೇವ್ ಮಾಡಿದ ಹೆಸರು ಡಯಲ್ ಪ್ಯಾಡ್‌ನಲ್ಲಿ ಏಕೆ ಬರುವುದಿಲ್ಲ?

ಅಂಕೆಗಳಿಗೆ ಅಂಟಿಕೊಂಡಿರುವುದು ಇಂಗ್ಲಿಷ್ ಅಕ್ಷರಗಳು ಮಾತ್ರ. ‘ಪ’ಕಾರ ಯಾವ ಅಂಕೆಯಲ್ಲಿದೆ ಎಂಬುದು ಡಯಲರ್‌ಗೆ ಗೊತ್ತಿಲ್ಲ. ಕಾಂಟ್ಯಾಕ್ಟ್ಸ್ ಆ್ಯಪ್‌ನ ಹುಡುಕುವ ಪಟ್ಟಿಯಲ್ಲಿ ಕನ್ನಡ ಕೀಬೋರ್ಡಿನಿಂದ ಬರೆದರೆ ಅದೇ ಹೆಸರು ಬರುತ್ತದೆ.

ಹಾಗಾದರೆ ಯಾವ ಲಿಪಿಯಲ್ಲಿ ಸೇವ್ ಮಾಡಬೇಕು?

ಎರಡನ್ನೂ ಬೆರೆಸಿಡುವುದೇ ಕೆಟ್ಟ ಸ್ಥಿತಿ: ಅರ್ಧದಷ್ಟು ಜನರ ಹೆಸರು ಕನ್ನಡದಲ್ಲಿ, ಉಳಿದವರದು ಇಂಗ್ಲಿಷಿನಲ್ಲಿ. ಯಾರದು ಯಾವುದರಲ್ಲಿದೆ ಎಂದು ನೆನಪಿರುವುದಿಲ್ಲ, ಹಾಗಾಗಿ ಪ್ರತಿಸಲ ಎರಡೆರಡು ಬಾರಿ ಹುಡುಕಬೇಕು. ಒಂದು ಲಿಪಿಗೆ ಗಟ್ಟಿಯಾಗಿ ನಿಲ್ಲಿ.

ಡಯಲ್ ಪ್ಯಾಡ್ ಹುಡುಕಾಟ ಬೇಕೆನ್ನುವವರಿಗೆ ಇಂಗ್ಲಿಷ್ ಲಿಪಿ ಅನುಕೂಲ. ಕನ್ನಡವೇ ಬೇಕು, ಡಯಲ್ ಪ್ಯಾಡೂ ಬೇಕು ಎಂದರೆ ಮೊದಲ ಹೆಸರಿನ ಜಾಗದಲ್ಲಿ ಇಂಗ್ಲಿಷ್, ಕೊನೆಯ ಹೆಸರಿನ ಜಾಗದಲ್ಲಿ ಕನ್ನಡ ಹಾಕಿ ನೋಡಿ. ಆಗ ಕಾಂಟ್ಯಾಕ್ಟ್ಸ್‌ನಲ್ಲಿ ಯಾವ ಲಿಪಿಯಿಂದ ಹುಡುಕಿದರೂ ಒಂದೇ ಕಾರ್ಡ್ ಬರುತ್ತದೆ. ಡಯಲರ್‌ಗಳು ಒಂದೊಂದು ಕಂಪನಿಗೆ ಒಂದೊಂದು ಥರ. ಆದ್ದರಿಂದ ಮೊದಲು ಒಂದು ಹೆಸರಿನಲ್ಲಿ ಪರೀಕ್ಷಿಸಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ. ಎಲ್ಲವನ್ನೂ ಒಂದೇ ದಿನ ತಿದ್ದಲು ಕೂರಬೇಡಿ. ತಿಂಗಳಲ್ಲಿ ನಿಜವಾಗಿ ಕಾಲ್ ಮಾಡುವ ಐವತ್ತು ಅರವತ್ತು ಹೆಸರು ಸರಿಯಾದರೆ ಸಾಕು.

ಒಂದೇ ಹೆಸರಿನವರು ಹತ್ತು ಜನ ಇದ್ದಾರೆ. ಮನೆತನದ ಹೆಸರು ಮುಂದೆ ಹಾಕಬೇಕೇ, ಹಿಂದೆಯೇ?

ಕೊಡಗಿನಲ್ಲಿ ಇದು ಬಗೆಹರಿಯದೆ ಹುಡುಕಾಟ ಬಗೆಹರಿಯುವುದಿಲ್ಲ. ಬೋಪಣ್ಣ, ಅಯ್ಯಪ್ಪ, ಸುಬ್ಬಯ್ಯ, ಉತ್ತಯ್ಯ ಒಂದೊಂದು ಊರಿನಲ್ಲೂ ನಾಲ್ಕು ಮಂದಿ. ಪತ್ರ, ಪಹಣಿ, ಮದುವೆ ಕಾಗದಗಳಲ್ಲಿ ಮನೆಹೆಸರು ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಇಬ್ಬರ ಹೆಸರಿನ ಮುಂದೆಯೂ ಇರುವ ‘ಕೆ’ ಕೊಡಂದೇರ ಮನೆಯದು. ಫೋನಿನಲ್ಲೂ ಹಾಗೇ ಬರೆದಿಟ್ಟವರು ಬಹಳ. ಅದರಿಂದ ನಷ್ಟವಿಲ್ಲ. ಫೋನಿನ ಹುಡುಕಾಟ ಹೆಸರಿನ ಪ್ರತಿಯೊಂದು ಪದದ ಆರಂಭವನ್ನೂ ನೋಡುತ್ತದೆ, ಮನೆಹೆಸರು ಮುಂದಿದ್ದರೂ ಹಿಂದಿದ್ದರೂ ಎರಡರಿಂದಲೂ ಸಿಗುತ್ತದೆ. ನಷ್ಟ ಆಗುವುದು ಮನೆಹೆಸರನ್ನು ಒಂದೇ ಇನಿಷಿಯಲ್ಲಿಗೆ ಇಳಿಸಿದಾಗ. ‘ಕೆ. ಸುಬ್ಬಯ್ಯ’ ಎಂದು ಮೂವರಿದ್ದರೆ ಮೂವರೂ ಒಂದೇ.

ನಾವು ಹೇಳುವ ಕ್ರಮ ಇಷ್ಟು: ಹೆಸರು, ಕೆಲಸ ಅಥವಾ ಸಂಬಂಧ, ಊರು. ‘ಬೋಪಣ್ಣ ಪಂಪ್ ಸಿದ್ದಾಪುರ’, ‘ಹಂಸ ಪಿಕಪ್ ನಾಪೋಕ್ಲು’, ‘ಉತ್ತಯ್ಯ ಮಾವ ಶ್ರೀಮಂಗಲ’. ಇಲ್ಲಿ ಎರಡನೆಯ, ಮೂರನೆಯ ಪದಗಳಿಗೂ ಬೆಲೆ ಇದೆ. ಹೆಸರು ಮರೆತರೂ ‘ನಾಪೋಕ್ಲು’ ಎಂದು ಹೊಡೆದರೆ ಆ ಕಡೆಯವರೆಲ್ಲ ಸಾಲಾಗಿ ನಿಲ್ಲುತ್ತಾರೆ, ‘ಪಂಪ್’ ಎಂದರೆ ಜಿಲ್ಲೆಯ ಪಂಪ್ ರಿಪೇರಿಯವರೆಲ್ಲ. ಕೊಯ್ಲಿನ ಹೊತ್ತಿಗೆ ಕೆಲಸದವರನ್ನು ಕರೆತರುವ ಮೇಸ್ತ್ರಿಗಳ ಹೆಸರಿಗೆ ವರ್ಷವನ್ನೂ ಸೇರಿಸಿಡಬಹುದು. ಎರಡು ವರ್ಷದ ಹಿಂದಿನ ನಂಬರಿಗೆ ಕಾಲ್ ಮಾಡುವ ಪಾಡು ತಪ್ಪುತ್ತದೆ. ಕೊಡವ ಮನೆತನಗಳ ತಂಡಗಳು ಆಡುವ ಹಾಕಿ ಹಬ್ಬದ ತಿಂಗಳಲ್ಲಿ ಒಮ್ಮೆಲೇ ಸೇರುವ ನಂಬರುಗಳಿಗೂ ಹೀಗೆಯೇ ‘ಹಾಕಿ’ ಎಂಬ ಪದ ಅಂಟಿಸಿಡಿ.

ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯುತ್ತಾರೆ. ಏನು ಮಾಡುವುದು?

ಕಾರ್ಯಪ್ಪ ಸಿ-ಯಿಂದಲೂ ಶುರುವಾಗುತ್ತದೆ, ಕೆ-ಯಿಂದಲೂ. ಡಯಲ್ ಪ್ಯಾಡ್‌ನಲ್ಲಿ ಒಂದು 2274, ಇನ್ನೊಂದು 5274. ತಿಮ್ಮಯ್ಯನಿಗೆ ಟಿ ಆದಮೇಲೆ ಎಚ್ ಇದೆಯೋ ಇಲ್ಲವೋ, ಮೊಯ್ದೀನ್‌ಗೆ ನಡುವೆ ಎಚ್ ಬಂತೋ ಇಲ್ಲವೋ! ಅವರು ತಮ್ಮ ಹೆಸರನ್ನು ಹೇಗೆ ಬರೆಯುತ್ತಾರೆ ಎಂಬುದನ್ನು ಬಿಟ್ಟುಬಿಡಿ. ನಿಮ್ಮ ಫೋನಿನಲ್ಲಿ ನಿಮ್ಮದೊಂದೇ ಕಾಗುಣಿತ ಇರಲಿ. ಎಲ್ಲ ಕಾರ್ಯಪ್ಪರೂ ಕೆ-ಯಿಂದ, ಎಲ್ಲ ತಿಮ್ಮಯ್ಯರೂ ಎಚ್ ಇಲ್ಲದೆ. ಅವರಿಗೆ ಇದು ಕಾಣುವುದೂ ಇಲ್ಲ.

‘ಅಪ್ಪ’ ಎಂದು ಹುಡುಕಿದರೆ ಪೊನ್ನಪ್ಪ ಏಕೆ ಬರುವುದಿಲ್ಲ?

ಮೇಲೆ ಹೇಳಿದ ಕಾರಣವೇ. ಪದದ ಆರಂಭದಿಂದ ಮಾತ್ರ ಹೋಲಿಸಿ ನೋಡುವುದು ಆಂಡ್ರಾಯ್ಡ್ ಕಾಂಟ್ಯಾಕ್ಟ್ಸ್‌ನ ಕ್ರಮ. ಪದದ ನಡುವಿನ, ಕೊನೆಯ ತುಂಡುಗಳು ಅದಕ್ಕೆ ಲೆಕ್ಕವಿಲ್ಲ. ನಂಬರಿನ ಕೊನೆಯ ನಾಲ್ಕು ಅಂಕೆ ಮಾತ್ರ ನೆನಪಿದ್ದಾಗಲೂ ಕೆಲವು ಫೋನುಗಳಲ್ಲಿ ಇದೇ ಕಷ್ಟ. ನಡುವಿನ ಅಕ್ಷರಗಳಿಂದಲೂ ಹುಡುಕುವ, ಫೋನಿನ ಹೋಮ್ ಸ್ಕ್ರೀನನ್ನೇ ಬದಲಿಸುವ ಆ್ಯಪ್‌ಗಳಾದ ಬದಲಿ ಲಾಂಚರ್‌ಗಳಿವೆ, ಅವುಗಳ ಮಾತು ಮುಂದೆ ಬರುತ್ತದೆ.

ಕನ್ನಡದಲ್ಲಿ ಸರಿಯಾಗಿಯೇ ಬರೆದು ಹುಡುಕಿದರೂ ‘ಇಲ್ಲ’ ಎನ್ನುತ್ತದೆ. ಹೆಸರು ಕಣ್ಣೆದುರಿಗೇ ಇದೆ!

ಕಣ್ಣಿಗೆ ಒಂದೇ, ಫೋನಿಗೆ ಬೇರೆ ಬೇರೆ. ಕಾರಣಗಳು ಹಲವು.

ಮೊದಲನೆಯದು ಹ್ರಸ್ವ, ದೀರ್ಘ. ಗೂಗಲ್ ಕೀಬೋರ್ಡಾದ ಜಿಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರ ಹೊಡೆದು ಕನ್ನಡ ಪಡೆಯುವವರಿಗೆ ‘ಪೊನ್ನಪ್ಪ’ ಕೆಲವೊಮ್ಮೆ ‘ಪೋನ್ನಪ್ಪ’ ಎಂದು ಬಂದಿರುತ್ತದೆ, ಅವಸರದಲ್ಲಿ ಸೇವ್ ಆಗಿಬಿಡುತ್ತದೆ. ಸಣ್ಣ ಪರದೆಯಲ್ಲಿ ಆ ದೀರ್ಘದ ಗುರುತು ಕಾಣುವುದೇ ಇಲ್ಲ.

ಎರಡನೆಯದು ಕಾಣದ ಅಕ್ಷರ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ನಡುವೆ ಅಗಲವೇ ಇಲ್ಲದ ಒಂದು ಸಂಕೇತ ಕೂತಿರುತ್ತದೆ. ಕೆಲವು ಕೀಬೋರ್ಡುಗಳು ಅದನ್ನು ತಾವಾಗಿಯೇ ಹಾಕುತ್ತವೆ, ಕೆಲವು ಹಾಕುವುದಿಲ್ಲ. ಒಂದು ಕೀಬೋರ್ಡಿನಲ್ಲಿ ಸೇವ್ ಮಾಡಿ, ಇನ್ನೊಂದರಲ್ಲಿ ಹುಡುಕಿದರೆ ತಾಳೆಯಾಗದೆ ಹೋಗಬಹುದು. ‘ಕಾರ್ಯಪ್ಪ’, ‘ಕಾರ್‍ಯಪ್ಪ’, ‘ಕಾರಿಯಪ್ಪ’ ಮೂರೂ ಫೋನಿನ ಲೆಕ್ಕದಲ್ಲಿ ಮೂರು ಜನ.

ಮೂರನೆಯದು ಕಂಪ್ಯೂಟರಿನಿಂದ ಬಂದ ಪಟ್ಟಿ. ಸಂಘದ ಸದಸ್ಯರ ಹೆಸರು, ನಂಬರುಗಳನ್ನು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಫೋನಿಗೆ ಹಾಕಿದಾಗ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಬರುತ್ತವೆ. ಅದನ್ನು ಕಂಪ್ಯೂಟರಿನಲ್ಲೇ ಎಲ್ಲ ಫೋನುಗಳೂ ಓದಬಲ್ಲ ಯೂನಿಕೋಡ್‌ಗೆ ಬದಲಿಸಿಕೊಂಡು ಆಮೇಲೆ ಫೋನಿಗೆ ತನ್ನಿ. ಫೋನಿನಲ್ಲಿ ಕೂತು ತಿದ್ದಲು ಹೋದರೆ ದಿನ ಮುಗಿಯುತ್ತದೆ.

ಇದಕ್ಕೆಲ್ಲ ಸುಲಭದ ಉಪಾಯ, ಪೂರ್ತಿ ಹೆಸರು ಹೊಡೆಯದಿರುವುದು. ಮೊದಲ ಎರಡು ಅಕ್ಷರ ಹೊಡೆದು ಪಟ್ಟಿ ನೋಡಿ. ಉದ್ದ ಹೊಡೆದಷ್ಟೂ ತಪ್ಪಲು ಜಾಗ ಹೆಚ್ಚು.

ಬಿಎಸ್‌ಎನ್‌ಎಲ್‌ನಿಂದ ಬೇರೆ ಕಂಪನಿಗೆ ಪೋರ್ಟ್ ಮಾಡಿದ ಮೇಲೆ ಅರ್ಧ ನಂಬರ್ ಕಾಣಿಸುತ್ತಿಲ್ಲ.

ಅವು ಹಳೆಯ ಸಿಮ್ಮಿನಲ್ಲಿ ಇದ್ದವು. ಪೋರ್ಟ್ ಮಾಡಿದಾಗ ನಂಬರ್ ಅದೇ ಉಳಿದರೂ ಸಿಮ್ ಕಾರ್ಡ್ ಹೊಸದು, ಒಳಗೆ ಖಾಲಿ. ಟವರ್ ಹುಡುಕಿಕೊಂಡು ವರ್ಷಕ್ಕೊಂದು ಕಂಪನಿಗೆ ಹೋಗುವ ನಮ್ಮ ಊರುಗಳಲ್ಲಿ ಈ ದೂರು ತೀರಾ ಸಾಮಾನ್ಯ. ಹಳೆಯ ಸಿಮ್ ಎಸೆದಿಲ್ಲದಿದ್ದರೆ ಇನ್ನೂ ದಾರಿ ಇದೆ. ಸೇವೆ ನಿಂತ ಸಿಮ್ಮನ್ನೂ ಫೋನಿಗೆ ಹಾಕಿದರೆ ಒಳಗಿನ ಹೆಸರುಗಳು ಓದಲು ಸಿಗುತ್ತವೆ. ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು ಆರ್ಗನೈಸ್ ಪುಟಕ್ಕೆ ಹೋಗಿ ಸಿಮ್‌ನಿಂದ ಇಂಪೋರ್ಟ್ ಮಾಡುವ ಆಯ್ಕೆ ಒತ್ತಿ, ಗೂಗಲ್ ಖಾತೆಗೆ ಸೇರಿಸಿ.

ಸಿಮ್ಮಿನಲ್ಲಿ ಹೆಸರು ಇಡುವುದನ್ನು ಇವತ್ತೇ ನಿಲ್ಲಿಸಿ. ಸಾಮಾನ್ಯವಾಗಿ 250 ಹೆಸರಿಗೆ ಜಾಗ ಇರುತ್ತದೆ, ಒಂದು ಹೆಸರಿಗೆ ಸುಮಾರು ಹದಿನೈದು ಇಂಗ್ಲಿಷ್ ಅಕ್ಷರದಷ್ಟು. ಕನ್ನಡಕ್ಕೆ ಸಂಕೇತವೊಂದಕ್ಕೆ ಎರಡು ಪಟ್ಟು ಜಾಗ. ‘ಪೊನ್ನಪ್ಪ’ ಕಣ್ಣಿಗೆ ಮೂರು ಅಕ್ಷರ, ಒಳಗೆ ಎಂಟು ಸಂಕೇತ: ಪ, ಒತ್ವ, ನ, ವಿರಾಮ (ಅರ್ಧಾಕ್ಷರದ ಗುರುತು), ನ, ಪ, ವಿರಾಮ, ಪ. ಹೆಸರು ‘ಪೊನ್ನಪ್’ ಎಂದು ನಡುವಿನಲ್ಲೇ ತುಂಡಾಗಿ ನಿಲ್ಲುವುದು ಹೀಗೆ. ‘ಸಿದ್ದಾಪುರ’ ಸೇರಿಸುವುದಂತೂ ದೂರದ ಮಾತು. ಕಾಂಟ್ಯಾಕ್ಟ್ಸ್ ಸೆಟ್ಟಿಂಗ್ಸ್‌ನಲ್ಲಿ ಹೊಸ ಹೆಸರುಗಳಿಗೆ ಡೀಫಾಲ್ಟ್ ಖಾತೆ ಯಾವುದು ಎಂದು ಕೇಳುವ ಕಡೆ ಗೂಗಲ್ ಖಾತೆ ಆರಿಸಿಡಿ.

ವಾಟ್ಸ್‌ಆ್ಯಪ್‌ನಲ್ಲಿ ಹೆಸರು ಬರುತ್ತದೆ, ಫೋನ್ ಹುಡುಕಾಟದಲ್ಲಿ ಬರುವುದಿಲ್ಲ.

ವಾಟ್ಸ್‌ಆ್ಯಪ್ ಒಳಗಿನಿಂದಲೇ ಸೇವ್ ಮಾಡಿರಬಹುದು. ಈಗ ಅಲ್ಲಿ ಹೆಸರನ್ನು ವಾಟ್ಸ್‌ಆ್ಯಪ್‌ನಲ್ಲಷ್ಟೇ ಇಟ್ಟುಕೊಳ್ಳಲು ಬರುತ್ತದೆ. ಸೇವ್ ಮಾಡುವ ಪುಟದಲ್ಲಿ ಫೋನಿಗೂ ಸಿಂಕ್ ಮಾಡುವ ಗುಂಡಿ ಇದೆ, ಅದನ್ನು ಆನ್ ಮಾಡಿ. ಇನ್ನೊಂದು ಸಾಧ್ಯತೆ: ಫೋನಿನಲ್ಲಿ ಎರಡು ಜಿಮೇಲ್ ಖಾತೆ ಇದ್ದು, ಕಾಂಟ್ಯಾಕ್ಟ್ಸ್ ಆ್ಯಪ್ ಒಂದನ್ನು ಮಾತ್ರ ತೋರಿಸುತ್ತಿರುತ್ತದೆ. ಖಾತೆ ಬದಲಿಸಿ ನೋಡಿ.

ಆ್ಯಪ್‌ನ ಹೆಸರೇ ನೆನಪಿಲ್ಲ. ‘ಸರ್ವೆ’ ಎಂದು ಹುಡುಕಿದರೆ ದಿಶಾಂಕ್ ಬರುವುದಿಲ್ಲ.

ಹುಡುಕಾಟ ನೋಡುವುದು ಐಕಾನಿನ ಕೆಳಗಿರುವ ಹೆಸರನ್ನು, ಆ್ಯಪ್ ಮಾಡುವ ಕೆಲಸವನ್ನಲ್ಲ. ಸರ್ವೆ ನಂಬರ್ ನೋಡಲು ದಿಶಾಂಕ್, ಹವಾಮಾನ ಸಲಹೆಗೆ ಮೇಘದೂತ್, ಸಿಡಿಲಿನ ಮುನ್ಸೂಚನೆಗೆ ದಾಮಿನಿ. ಹೆಸರುಗಳೇನೋ ಚೆನ್ನಾಗಿವೆ, ಬೇಕಾದಾಗ ನೆನಪಿಗೆ ಬರುವುದಿಲ್ಲ ಅಷ್ಟೇ. ದಿಶಾಂಕ್‌ಗೆ ಇಂಗ್ಲಿಷಿನಲ್ಲಿ ಎ ಎರಡು ಸಲ ಬರುತ್ತದೆ. ಪೂರ್ತಿ ಹೊಡೆದು ತಪ್ಪುವ ಬದಲು ಮೊದಲ ನಾಲ್ಕು ಅಕ್ಷರಕ್ಕೆ ನಿಲ್ಲಿಸಿ.

ಖಾಯಂ ಪರಿಹಾರ ಎರಡು. ಒಂದು, ಹೋಮ್ ಸ್ಕ್ರೀನಿನಲ್ಲಿ ಫೋಲ್ಡರ್ ಮಾಡಿ ‘ಜಮೀನು’, ‘ಮಳೆ’, ‘ದುಡ್ಡು’ ಎಂದು ಹೆಸರಿಡುವುದು. ಇನ್ನೊಂದು, ಐಕಾನಿನ ಹೆಸರು ಬದಲಿಸಲು ಅಥವಾ ಟ್ಯಾಗ್ ಹಚ್ಚಲು ಬಿಡುವ ಲಾಂಚರ್ ಹಾಕಿಕೊಳ್ಳುವುದು. ಕಿಸ್ ಲಾಂಚರ್‌ನಲ್ಲಿ ಆ್ಯಪ್ ಮೇಲೆ ಒತ್ತಿ ಹಿಡಿದರೆ ಟ್ಯಾಗ್ ಸೇರಿಸುವ ಆಯ್ಕೆ ಬರುತ್ತದೆ. ದಿಶಾಂಕ್‌ಗೆ ‘ಸರ್ವೆ’ ಎಂದು ಹಚ್ಚಿದರೆ ಮುಂದೆ ಆ ಪದಕ್ಕೇ ಅದು ಓಗೊಡುತ್ತದೆ.

ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದ ಮೇಲೆ ಸೆಟ್ಟಿಂಗ್ಸ್ ಸಿಗುತ್ತಿಲ್ಲ.

ಫೋನಿನ ಜೊತೆಗೇ ಬಂದ ಆ್ಯಪ್‌ಗಳ ಹೆಸರು ಕನ್ನಡಕ್ಕೆ ಹೋಗುತ್ತದೆ: ಸೆಟ್ಟಿಂಗ್‌ಗಳು, ಕ್ಯಾಮರಾ, ಗಡಿಯಾರ. ಬ್ಯಾಂಕ್, ಪೇಮೆಂಟ್ ಆ್ಯಪ್‌ಗಳು ಇಂಗ್ಲಿಷಿನಲ್ಲೇ ಉಳಿಯುತ್ತವೆ. ಕೆಲವು ಲಾಂಚರ್‌ಗಳು ಹಳೆಯ ಇಂಗ್ಲಿಷ್ ಹೆಸರನ್ನು ಗುರುತಿಸುವುದಿಲ್ಲ, ಆದ್ದರಿಂದ ಒಂದಕ್ಕೆ ಕನ್ನಡ, ಇನ್ನೊಂದಕ್ಕೆ ಇಂಗ್ಲಿಷ್ ಹೊಡೆಯಬೇಕು. ಕೀಬೋರ್ಡಿನಲ್ಲಿ ಭೂಗೋಳದ ಚಿತ್ರವಿರುವ ಗುಂಡಿ ಒತ್ತಿದರೆ ಭಾಷೆ ಬದಲಾಗುತ್ತದೆ.

ಆ್ಯಪ್ ಇರುವುದು ಖಂಡಿತ, ಆದರೂ ಹುಡುಕಾಟದಲ್ಲಿ ಇಲ್ಲ.

ಪ್ಲೇ ಸ್ಟೋರ್ ತೆರೆದು ಅದೇ ಆ್ಯಪ್ ನೋಡಿ. ‘ಇನ್‌ಸ್ಟಾಲ್’ ಎಂದಿದ್ದರೆ ಫೋನಿನಿಂದ ಹೋಗಿದೆ. ‘ಓಪನ್’ ಎಂದಿದ್ದರೆ ಎಲ್ಲೋ ಅಡಗಿದೆ: ಲಾಂಚರ್ ಸೆಟ್ಟಿಂಗ್ಸ್‌ನ ಅಡಗಿಸಿದ ಆ್ಯಪ್‌ಗಳ ಪಟ್ಟಿಯಲ್ಲಿ, ಸ್ಯಾಮ್‌ಸಂಗ್‌ನ ಸೆಕ್ಯೂರ್ ಫೋಲ್ಡರ್‌ನಲ್ಲಿ, ಆಂಡ್ರಾಯ್ಡ್ 15ರಿಂದ ಬಂದ ಪ್ರೈವೇಟ್ ಸ್ಪೇಸ್‌ನಲ್ಲಿ. ‘ಎನೇಬಲ್’ ಎಂದಿದ್ದರೆ ಯಾರೋ ನಿಲ್ಲಿಸಿಟ್ಟಿದ್ದಾರೆ. ಜಾಗ ಕಡಿಮೆಯಾದ ಫೋನುಗಳಲ್ಲಿ ಬಹಳ ದಿನ ಬಳಸದ ಆ್ಯಪ್‌ಗಳನ್ನು ಪ್ಲೇ ಸ್ಟೋರ್ ಆರ್ಕೈವ್ ಮಾಡುವುದೂ ಉಂಟು. ಐಕಾನ್ ಮಾತ್ರ ಉಳಿಯುತ್ತದೆ, ಒತ್ತಿದರೆ ಮತ್ತೆ ಡೌನ್‌ಲೋಡ್ ಆಗಬೇಕು. ಸಿಗ್ನಲ್ ಇಲ್ಲದ ಕಡೆ ಇದು ಕೈಕೊಡುತ್ತದೆ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ ತಾನಾಗಿ ಆರ್ಕೈವ್ ಮಾಡುವುದನ್ನು ಆಫ್ ಮಾಡಿಬಿಡಿ.

ಐಫೋನಿನಲ್ಲಿ ಕಾಂಟ್ಯಾಕ್ಟ್ ಅಥವಾ ಆ್ಯಪ್ ಬಾರದಿದ್ದರೆ ಸೆಟ್ಟಿಂಗ್ಸ್‌ನ ಸರ್ಚ್ ಭಾಗಕ್ಕೆ ಹೋಗಿ. ಹಳೆಯ ಆವೃತ್ತಿಗಳಲ್ಲಿ ಅದು ಸಿರಿ ಅಂಡ್ ಸರ್ಚ್ ಎಂಬ ಹೆಸರಿನಲ್ಲಿದೆ. ಆ ಆ್ಯಪ್ ಆರಿಸಿ ಹುಡುಕಾಟದಲ್ಲಿ ತೋರಿಸುವ ಗುಂಡಿ ಆನ್ ಇದೆಯೇ ನೋಡಿ.

ಬದಲಿ ಲಾಂಚರ್ ಹಾಕುವುದಾದರೆ ಯಾವುದು?

ಹುಡುಕಾಟವನ್ನೇ ಮುಂದಿಟ್ಟುಕೊಂಡು ಮಾಡಿದ್ದು ಕಿಸ್ ಮತ್ತು ಕ್ವೇಸಿಟ್ಸೊ. ಎರಡೂ ಮುಕ್ತ ತಂತ್ರಾಂಶ, ಜಾಹೀರಾತು ಇಲ್ಲ. ಕಿಸ್ ನೋಡಲು ಬೋಳು ಬೋಳು: ಒಂದು ಹುಡುಕುವ ಪಟ್ಟಿ, ಮೇಲೆ ಸಾಲುಗಳು. ಬಿಟ್ಟು ಬಿಟ್ಟು ಹೊಡೆದ ಅಕ್ಷರಗಳಿಂದಲೂ ಊಹಿಸುತ್ತದೆ, ನೀವು ಹೆಚ್ಚು ಬಳಸಿದ್ದನ್ನು ಮೇಲಕ್ಕೆ ತರುತ್ತದೆ. ಎರಡು ಮೂರು ಜಿಬಿ ರ‍್ಯಾಮಿನ ಹಳೆಯ ಫೋನಿಗೆ ನಮ್ಮ ಮೊದಲ ಸಲಹೆ ಇದೇ. ಕ್ವೇಸಿಟ್ಸೊ ಕಣ್ಣಿಗೆ ಇನ್ನಷ್ಟು ಹಿತ. ಕಾಂಟ್ಯಾಕ್ಟ್, ಕ್ಯಾಲೆಂಡರ್, ಫೈಲುಗಳನ್ನೂ ಹುಡುಕುತ್ತದೆ. ನಯಾಗ್ರ ಲಾಂಚರ್‌ನಲ್ಲಿ ಅಂಚಿನ ಅಕ್ಷರಮಾಲೆಯ ಮೇಲೆ ಹೆಬ್ಬೆರಳು ಜಾರಿಸಿದರೆ ಆ ಅಕ್ಷರದ ಆ್ಯಪ್‌ಗಳು ಬರುತ್ತವೆ, ಒಂದೇ ಕೈಯಲ್ಲಿ ಫೋನ್ ಹಿಡಿಯುವವರಿಗೆ ಅನುಕೂಲ. ಒಂದು ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದ ನೋವಾ 2022ರಲ್ಲಿ ಬ್ರ್ಯಾಂಚ್ ಎಂಬ ಕಂಪನಿಯ ಕೈಗೆ ಹೋಯಿತು. ಆಮೇಲೆ ಅದರ ಕೆಲಸ ಬಹಳ ಕುಗ್ಗಿದೆ, ಹೊಸಬರಿಗೆ ನಾವು ಹೇಳುವುದಿಲ್ಲ.

ಕೆಲವು ಶಿಯೋಮಿ ಫೋನುಗಳಲ್ಲಿ ಬೇರೆ ಲಾಂಚರ್ ಹಾಕಿದರೆ ಬೆರಳು ಸರಿಸಿ ಹಿಂದೆ ಹೋಗುವ ಸೌಲಭ್ಯ ನಿಂತುಹೋಗಿ, ಕೆಳಗಿನ ಮೂರು ಗುಂಡಿಗಳಿಗೆ ಮರಳಬೇಕಾಗುತ್ತದೆ. ಹಾಕುವ ಮೊದಲು ಇದು ತಿಳಿದಿರಲಿ.

ಇವಕ್ಕೆ ಯಾವ ಅನುಮತಿ ಕೊಡಬಹುದು?

ಕಾಂಟ್ಯಾಕ್ಟ್ಸ್ ಕೊಡದೆ ಹೆಸರು ಹುಡುಕಲು ಬರುವುದಿಲ್ಲ, ಅದನ್ನು ಕೊಡಿ. ಪಟ್ಟಿಯಿಂದಲೇ ನೇರ ಕಾಲ್ ಹೋಗಬೇಕೆಂದರೆ ಫೋನ್ ಅನುಮತಿ. ಎಸ್‌ಎಂಎಸ್ ಕೇಳಿದರೆ ಬೇಡ ಎನ್ನಿ. ಹುಡುಕುವ ಆ್ಯಪ್‌ಗೆ ನಿಮ್ಮ ಓಟಿಪಿ ಜೊತೆ ಏನು ಕೆಲಸ? ಎರಡು ಸಲ ತಟ್ಟಿದರೆ ಲಾಕ್ ಆಗುವ ಸೌಲಭ್ಯಕ್ಕೆ ಕೆಲವು ಲಾಂಚರ್‌ಗಳು ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಅದನ್ನು ಕೊಟ್ಟರೆ ಪರದೆಯ ಮೇಲಿನದೆಲ್ಲ ಅದಕ್ಕೆ ಕಾಣುತ್ತದೆ. ಕೆಲವು ಬ್ಯಾಂಕ್ ಆ್ಯಪ್‌ಗಳು ಆಗ ತಕರಾರು ತೆಗೆಯುವುದೂ ಉಂಟು. ಪವರ್ ಬಟನ್ ಒತ್ತುವುದೇ ವಾಸಿ.

ಅಪರಿಚಿತ ಕಾಲ್ ಯಾರದೆಂದು ಹೇಳುವ ಆ್ಯಪ್‌ಗಳ ಮಾತು ಬೇರೆ. ಅಂಥವುಗಳಲ್ಲಿ ನಿಮ್ಮ ಪಟ್ಟಿಯನ್ನು ಸರ್ವರ್‌ಗೆ ಕಳಿಸುವಂಥವೂ ಇವೆ. ನಿಮ್ಮ ಫೋನಿನಲ್ಲಿರುವುದು ನಿಮ್ಮದಷ್ಟೇ ಅಲ್ಲ, ಐನೂರು ಮಂದಿಯ ನಂಬರ್. ಪ್ಲೇ ಸ್ಟೋರ್ ಪುಟದ ಡೇಟಾ ಸೇಫ್ಟಿ ಭಾಗ ಓದಿ ಆಮೇಲೆ ಒಪ್ಪಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಎಪಿಕೆ ಫೈಲನ್ನು (ಪ್ಲೇ ಸ್ಟೋರ್ ಇಲ್ಲದೆ ಆ್ಯಪ್ ಹಾಕುವ ಫೈಲು) ಯಾವ ಕಾರಣಕ್ಕೂ ಹಾಕಬೇಡಿ, ಕಳಿಸಿದವರು ಪರಿಚಯದವರೇ ಆಗಿದ್ದರೂ.

ನೆಟ್‌ವರ್ಕ್ ಇಲ್ಲದಾಗ ಹುಡುಕಾಟ ನಡೆಯುತ್ತದೆಯೇ?

ಫೋನಿನೊಳಗಿನದು ನಡೆಯುತ್ತದೆ. ಕಾಂಟ್ಯಾಕ್ಟ್ ಗೂಗಲ್ ಖಾತೆಯಲ್ಲಿದ್ದರೂ ಅದರ ನಕಲು ಫೋನಿನಲ್ಲೂ ಇರುತ್ತದೆ, ಸಿಂಕ್ ಆಫ್ ಆಗಿರಬಾರದು ಅಷ್ಟೇ. ಒಮ್ಮೆ ಏರೋಪ್ಲೇನ್ ಮೋಡ್ ಹಾಕಿ ಬೇಕಾದ ನಾಲ್ಕು ಹೆಸರು ಹುಡುಕಿ ನೋಡಿ, ಅನುಮಾನ ಪರಿಹಾರವಾಗುತ್ತದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ದಿನಗಳನ್ನು ಕಂಡವರಿಗೆ ಮುಂದಿನ ಮಾತು ಬಿಡಿಸಿ ಹೇಳಬೇಕಿಲ್ಲ. ಕರೆಂಟ್ ಹೋದರೆ ಟವರ್ ಕೆಲಸ ಮಾಡುವುದು ಅದರ ಬ್ಯಾಟರಿ, ಡೀಸೆಲ್ ಮುಗಿಯುವವರೆಗೆ. ಫೋನ್ ಕೆಲಸ ಮಾಡುವುದು ಅದರ ಚಾರ್ಜ್ ಇರುವವರೆಗೆ. ಹತ್ತು ನಂಬರನ್ನು ಕಾಗದದಲ್ಲಿ ಬರೆದು ಮನೆಯಲ್ಲೊಂದು ಕಡೆ ಅಂಟಿಸಿ. ಅದರಲ್ಲಿ ಸ್ಥಿರ ದೂರವಾಣಿಗಳನ್ನು ಕೋಡ್ ಸಮೇತ ಬರೆಯಿರಿ: ಮಡಿಕೇರಿ 08272, ವಿರಾಜಪೇಟೆ 08274, ಸೋಮವಾರಪೇಟೆ 08276. ಫೋನಿನಲ್ಲಿ 112ನ್ನು ‘ಎಮರ್ಜೆನ್ಸಿ’, ಕರೆಂಟ್ ದೂರಿನ 1912ನ್ನು ‘ಕರೆಂಟ್’ ಎಂಬ ಹೆಸರಿನಲ್ಲಿ ಸೇವ್ ಮಾಡಿಡಿ. ಗಾಬರಿಯಲ್ಲಿ ಅಂಕೆ ಮರೆಯುತ್ತದೆ, ಪದ ಮರೆಯುವುದಿಲ್ಲ.

ಮಳೆಗಾಲದಲ್ಲಿ ಪರದೆ ಒದ್ದೆಯಾಗಿ ಒತ್ತಿದ್ದೊಂದು, ಬರುವುದೊಂದು.

ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸಿ ಪರದೆ ಕೆಲಸ ಮಾಡುತ್ತದೆ, ನೀರಿನ ಹನಿಯನ್ನೂ ಅದು ಬೆರಳೆಂದೇ ಭಾವಿಸುತ್ತದೆ. ಟಚ್ ಸೆನ್ಸಿಟಿವಿಟಿ ಹೆಚ್ಚಿಸಿದರೆ ಸರಿಯಾಗುತ್ತದೆಂದು ಹೇಳುವವರಿದ್ದಾರೆ. ಅದು ಗ್ಲೌಸಿಗೆ, ದಪ್ಪ ಗ್ಲಾಸಿಗೆ ಇರುವ ಸೌಲಭ್ಯ. ಮಳೆಯಲ್ಲಿ ತೊಂದರೆ ಇನ್ನೂ ಹೆಚ್ಚುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಡಯಲ್ ಪ್ಯಾಡ್ ಬಳಸಿ. ಅದರ ಗುಂಡಿಗಳು ಕೀಬೋರ್ಡಿಗಿಂತ ಬಹಳ ದೊಡ್ಡವು, ತಪ್ಪು ಕಡಿಮೆ.

ಬಾಯಲ್ಲಿ ಹೇಳಿದರೆ ಹುಡುಕುವುದಿಲ್ಲವೇ?

ಹುಡುಕುತ್ತದೆ. ಗೂಗಲ್ ಅಸಿಸ್ಟೆಂಟ್‌ಗೂ ಜಿಬೋರ್ಡಿನ ಮೈಕಿಗೂ ಕನ್ನಡ ಬರುತ್ತದೆ. ಕೊಡವ ತಕ್ಕ್, ಅರೆಭಾಷೆಗಳು ಆ ಪಟ್ಟಿಯಲ್ಲಿಲ್ಲ. ಮನೆಹೆಸರುಗಳನ್ನು ಅದು ಬೇರೆ ಏನೇನೋ ಮಾಡಿಕೊಳ್ಳುತ್ತದೆ. ಮೈಕಿನಿಂದ ಕರೆಯಬೇಕಾದವರಿಗೆ ‘ಅಣ್ಣ’, ‘ರೈಟರ್’, ‘ಡ್ರೈವರ್’ ಎಂಬ ಅಡ್ಡಹೆಸರು ಕೊಟ್ಟು ಪರೀಕ್ಷಿಸಿ. ಜೀಪಿನ ಸದ್ದಿನಲ್ಲಿ ಇದನ್ನು ನಂಬಿ ಕೂರಬೇಡಿ.

ಹಿರಿಯರಿಗೆ ಹುಡುಕಾಟವೇ ಬೇಡ, ಒತ್ತಿದರೆ ಕಾಲ್ ಹೋಗಬೇಕು.

ಹೋಮ್ ಸ್ಕ್ರೀನಿನ ಖಾಲಿ ಜಾಗದಲ್ಲಿ ಒತ್ತಿ ಹಿಡಿಯಿರಿ, ವಿಜೆಟ್ಸ್‌ನಲ್ಲಿ ಕಾಂಟ್ಯಾಕ್ಟ್ಸ್ ಹುಡುಕಿ, ಡೈರೆಕ್ಟ್ ಡಯಲ್ ಎಂಬುದನ್ನು ಎಳೆದು ತಂದು ಹೆಸರು ಆರಿಸಿ. ಕಾರ್ಡಿಗೆ ಮೊದಲೇ ಮುಖದ ಫೋಟೋ ಹಾಕಿದ್ದರೆ ಐಕಾನಿನಲ್ಲಿ ಮುಖವೇ ಕಾಣುತ್ತದೆ. ಆರಕ್ಕಿಂತ ಹೆಚ್ಚು ಇಡಬೇಡಿ. ಲೇಔಟ್ ಲಾಕ್ ಮಾಡುವ ಆಯ್ಕೆ ಇದ್ದರೆ ಆನ್ ಮಾಡಿ, ಇಲ್ಲದಿದ್ದರೆ ವಾರದಲ್ಲಿ ಒಂದು ಮುಖ ಕಾಣೆಯಾಗಿರುತ್ತದೆ.

ಕೀಪ್ಯಾಡ್ ಫೋನಿನಲ್ಲಿ?

ಹೆಸರುಗಳ ಪಟ್ಟಿ ತೆರೆದು ಮೊದಲ ಅಕ್ಷರದ ಅಂಕೆ ಒತ್ತಿ. ಅಲ್ಲಿ ಹೆಸರು ಇಂಗ್ಲಿಷಿನಲ್ಲಿ, ಚಿಕ್ಕದಾಗಿ ಇರುವುದೇ ಲೇಸು.

ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನು ಹುಡುಕುವ ಪಟ್ಟಿಯಲ್ಲೇ ಹುಡುಕಬಹುದೇ?

ಬೇಡ. ಫೋನಿನೊಳಗಿನ ಫಲಿತಾಂಶದ ಕೆಳಗೇ ಇಂಟರ್ನೆಟ್ಟಿನ ಫಲಿತಾಂಶಗಳೂ ಸೇರಿಕೊಂಡು ಬರುತ್ತವೆ, ಜಾಹೀರಾತು ಕೂಡ. ಮೋಸಗಾರರು ತಮ್ಮ ನಂಬರನ್ನು ಬ್ಯಾಂಕಿನದೆಂದು ಅಲ್ಲಿ ಹಾಕಿರುತ್ತಾರೆ. ಪಾಸ್‌ಬುಕ್ ಅಥವಾ ಎಟಿಎಂ ಕಾರ್ಡಿನ ಹಿಂಭಾಗದಲ್ಲಿರುವ ನಂಬರನ್ನು ಇವತ್ತೇ ‘ಬ್ಯಾಂಕ್’ ಎಂದು ಸೇವ್ ಮಾಡಿ. ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕಾಲ್ ಮಾಡಿ. ಅದನ್ನೂ ‘ಸೈಬರ್’ ಎಂಬ ಹೆಸರಿನಲ್ಲಿ ಇಟ್ಟುಕೊಳ್ಳಿ.

ಒಬ್ಬರದೇ ಹೆಸರು ಮೂರು ಸಲ ಬರುತ್ತದೆ.

ಒಂದು +91 ಜೊತೆ, ಒಂದು ಸೊನ್ನೆ ಜೊತೆ, ಒಂದು ಬರೀ ಹತ್ತು ಅಂಕೆ. ಗೂಗಲ್ ಕಾಂಟ್ಯಾಕ್ಟ್ಸ್‌ನ ಆರ್ಗನೈಸ್ ಪುಟದಲ್ಲಿ ಮರ್ಜ್ ಅಂಡ್ ಫಿಕ್ಸ್ ಒತ್ತಿ. ಎಲ್ಲವನ್ನೂ ಒಂದೇ ಏಟಿಗೆ ಸೇರಿಸುವ ಗುಂಡಿಗೆ ಮಾತ್ರ ಕೈ ಹಾಕಬೇಡಿ, ಇಬ್ಬರು ಬೋಪಣ್ಣರು ಒಬ್ಬರಾಗಿಬಿಡುತ್ತಾರೆ. ಒಂದೊಂದೇ ನೋಡಿ ಒಪ್ಪಿ. ತಪ್ಪಿ ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ. ಉಳಿದದ್ದನ್ನು +91 ರೂಪದಲ್ಲೇ ಇಡಿ. ಸ್ಥಿರ ದೂರವಾಣಿಯಾದರೆ +91 ಆದಮೇಲೆ ಸೊನ್ನೆ ಬಿಟ್ಟು 8272 ಎಂದು ಬರೆಯಬೇಕು.

ಹೊಸ ಫೋನಿಗೆ ಹಾಕಿದಾಗ ಕನ್ನಡ ಹೆಸರುಗಳೆಲ್ಲ ಅಂಕೆ, ಗುರುತುಗಳಾಗಿವೆ.

ಹೆಸರು, ನಂಬರುಗಳನ್ನು ಒಂದು ಫೋನಿನಿಂದ ಇನ್ನೊಂದಕ್ಕೆ ಸಾಗಿಸುವ ವಿಸಿಎಫ್ ಫೈಲಿನ ಹಳೆಯ 2.1 ಆವೃತ್ತಿಯಲ್ಲಿ ಕನ್ನಡ ಅಕ್ಷರ ನೇರವಾಗಿ ಕೂರುವುದಿಲ್ಲ. ಸಮ ಚಿಹ್ನೆ, ಇ, ಸೊನ್ನೆ, ಮತ್ತೆ ಸಮ ಚಿಹ್ನೆ, ಬಿ, 2 ಹೀಗೆ ಸಂಕೇತವಾಗಿ ಹೋಗುತ್ತದೆ. ಓದುವ ಫೋನಿಗೆ ಅದನ್ನು ಬಿಡಿಸಲು ಬಾರದಿದ್ದರೆ ಹಾಗೇ ತೋರಿಸುತ್ತದೆ. ಹೆಸರು ಹಾಳಾಗಿಲ್ಲ, ಹೆದರಬೇಡಿ. ಹಾಕಿದ್ದನ್ನು ಅಳಿಸಿ, ಅದೇ ಫೈಲನ್ನು ಕಂಪ್ಯೂಟರಿನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ಜಾಲತಾಣಕ್ಕೆ ಇಂಪೋರ್ಟ್ ಮಾಡಿ, ಅಲ್ಲಿಂದ ಫೋನಿಗೆ ಸಿಂಕ್ ಆಗಲು ಬಿಡಿ.

ಬದಲಿ ಲಾಂಚರ್ ಒಗ್ಗಲಿಲ್ಲ. ಹಿಂದಕ್ಕೆ ಹೋಗುವುದು ಹೇಗೆ?

ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್, ಹೋಮ್ ಆ್ಯಪ್. ಅಲ್ಲಿ ಫೋನಿನ ಮೂಲ ಲಾಂಚರ್ ಆರಿಸಿ. ಹಳೆಯ ಐಕಾನುಗಳು ಇದ್ದ ಜಾಗದಲ್ಲೇ ಕಾದಿರುತ್ತವೆ. ಆಮೇಲೆ ಹೊಸದನ್ನು ಅನ್‌ಇನ್‌ಸ್ಟಾಲ್ ಮಾಡಬಹುದು. ಕಾಂಟ್ಯಾಕ್ಟ್‌ಗಳಿಗೆ ಏನೂ ಆಗುವುದಿಲ್ಲ, ಹಚ್ಚಿದ ಟ್ಯಾಗ್‌ಗಳು ಮಾತ್ರ ಅದರ ಜೊತೆಗೇ ಹೋಗುತ್ತವೆ.